ದೂಸ್ರಾ ಮತ್ತು ಮೊಣಕೈ

ಆಫ್ ಸ್ಪಿನ್ನರ್‌ನ ಚೆಂಡು ಬಲಗೈ ಬ್ಯಾಟ್ಸ್‌ಮನ್‌ನತ್ತ ಒಳಕ್ಕೆ ತಿರುಗುತ್ತದೆ. ಅದೇ ಓಟ, ಅದೇ ಬೀಸಿನಲ್ಲಿ ಹೊರಕ್ಕೆ ತಿರುಗಿದರೆ ಅದು ದೂಸ್ರಾ. 1990ರ ದಶಕದಲ್ಲಿ ಪಾಕಿಸ್ತಾನದ ಸಕ್ಲೈನ್ ಮುಷ್ತಾಕ್ ಇದನ್ನು ಪ್ರಸಿದ್ಧಗೊಳಿಸಿದರು. ಉರ್ದುವಿನಲ್ಲಿ ದೂಸ್ರಾ ಎಂದರೆ ‘ಇನ್ನೊಂದು’, ಅಷ್ಟೆ.

ಇದು ಮೋಸವೇ? ನಮಗೆ ಹಾಗನಿಸುವುದಿಲ್ಲ. ಏಮಾರಿಸುತ್ತಾರೆಂದು ತಿಳಿದೇ ಬ್ಯಾಟ್ಸ್‌ಮನ್ ಕ್ರೀಸಿಗೆ ಬರುತ್ತಾನೆ. ತಕ್ಕಡಿಯನ್ನು ನಂಬಿ ಅಂಗಡಿಗೆ ಬಂದ ಗಿರಾಕಿಯ ಸ್ಥಿತಿ ಅವನದಲ್ಲ.

ತೊಡಕಿರುವುದು ಮೊಣಕೈಯಲ್ಲಿ. ದೂಸ್ರಾ ಕಲಿಯುವವನು ಮಣಿಕಟ್ಟನ್ನು ತಿರುಚಿ, ಅಂಗೈಯ ಹಿಂಭಾಗ ಬ್ಯಾಟ್ಸ್‌ಮನ್ ಕಡೆ ಬರುವಂತೆ ಎಸೆಯಬೇಕು. ತೋಳನ್ನು ನೇರವಾಗಿಟ್ಟು ಹೀಗೆ ಮಾಡುವುದು ಬಹಳ ಕಷ್ಟ. ಮೊಣಕೈ ತಾನಾಗಿಯೇ ಮಡಚಿಕೊಳ್ಳುತ್ತದೆ. ಮಡಚಿದ ಮೊಣಕೈ ಎಸೆಯುವಾಗ 15 ಡಿಗ್ರಿಯವರೆಗೆ ನೆಟ್ಟಗಾಗಬಹುದೆಂದು ಐಸಿಸಿ 2005ರಿಂದ ಒಪ್ಪಿದೆ. ಆದರೆ 14ಕ್ಕೂ 16ಕ್ಕೂ ಇರುವ ವ್ಯತ್ಯಾಸ ಅಂಪೈರ್‌ನ ಕಣ್ಣಿಗೆ ಕಾಣದು, ಎಸೆದವನಿಗೂ ತಿಳಿಯದು. ಪ್ರಯೋಗಾಲಯದ ಕ್ಯಾಮೆರಾಗಳೇ ಹೇಳಬೇಕು.

2014ರಲ್ಲಿ ಸಯೀದ್ ಅಜ್ಮಲ್ ವಿಷಯದಲ್ಲಿ ಅವು ಹೇಳಿದವು. ಆಗ ಏಕದಿನ ಬೌಲರ್‌ಗಳ ಪಟ್ಟಿಯಲ್ಲಿ ಅವರದೇ ಮೊದಲ ಸ್ಥಾನ. ಅವರನ್ನು ವಂಚಕ ಎನ್ನಲು ನಮಗೆ ಮನಸ್ಸಾಗದು. ಆದರೆ ನಿಯತ್ತು ಶುದ್ಧವಿದ್ದ ಮಾತ್ರಕ್ಕೆ ಸಿಕ್ಕ ವಿಕೆಟ್ ನ್ಯಾಯದ್ದಾಗುತ್ತದೆಯೇ? ಔಟಾಗಿ ಹೋದವನಿಗೆ ಏನು ಹೇಳೋಣ? ಅಜ್ಮಲ್ ವಾದಿಸುತ್ತಾ ಕೂರಲಿಲ್ಲ. ಸಕ್ಲೈನ್ ಬಳಿ ಹೋಗಿ, ಅಷ್ಟು ವರ್ಷ ಬೀಸಿದ ಕೈಯನ್ನು ಮತ್ತೆ ತಿದ್ದಿಕೊಂಡರು. 2015ರಲ್ಲಿ ಮರಳಿದಾಗ ಚೆಂಡಿನಲ್ಲಿ ಹಳೆಯ ಮೊನಚಿರಲಿಲ್ಲ.

ನಮ್ಮ ಬೀದಿಗಳಲ್ಲಿ ಟೆನಿಸ್ ಚೆಂಡಿನಿಂದ ದೂಸ್ರಾ ಕಲಿಯುವ ಹುಡುಗರಿಗೆ ಕ್ಯಾಮೆರಾ ಎಲ್ಲಿಂದ ಬರಬೇಕು? ಎದುರಿಗಿದ್ದವನು “ಕೈ ಮಡಚ್ತಿದ್ದೀಯ” ಎನ್ನುತ್ತಾನೆ. ಎಸೆದವನು “ಇಲ್ಲ” ಎನ್ನುತ್ತಾನೆ, ಪ್ರಾಮಾಣಿಕವಾಗಿಯೇ.