ತಟ್ಟಿದಾಗ ನಿಂತ ಸೋರಿಕೆ

ಕಳೆದ ಜೂನ್‌ನ ಒಂದು ಸಂಜೆ, ಮಿಲ್ವಾಕಿಯ ದೋಣಿಕಟ್ಟೆಯಲ್ಲಿ ನಾನು ಒಬ್ಬರಿಗೆ "ಸರಿಹೋಯಿತು" ಅಂದೆ. ಅದು ಸುಳ್ಳೋ ಅಲ್ಲವೋ ಎಂದು ಇನ್ನೂ ಯೋಚಿಸುತ್ತಿದ್ದೇನೆ. ತತ್ವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವವನಿಗೆ ಇಷ್ಟೂ ಗೊತ್ತಾಗಬೇಡವೇ!

ದೋಣಿ ನನ್ನ ಮನೆ ಮಾಲೀಕರದ್ದು. ಹಾಯಿದೋಣಿಯೇ ಆದರೂ ಗಾಳಿ ಬಿದ್ದಾಗ, ಕಟ್ಟೆಗೆ ತರುವಾಗ ಎಂಜಿನ್ ಬೇಕು. ಇವರದ್ದು ಅಟಾಮಿಕ್ ಫೋರ್, ಇದೇ ವಿಸ್ಕಾನ್ಸಿನ್‌ನ ಆಷ್‌ಕಾಷ್‌ನ ಕಂಪನಿಯೊಂದು 1947ರಲ್ಲಿ ಹೊರತಂದ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಅದರ ಕಾರ್ಬ್ಯುರೇಟರಿನ ಗಾಳಿಬಾಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ತೀರ್ಥಹಳ್ಳಿಯಲ್ಲಿ ಅಪ್ಪನಿಗೆ ಸ್ಕೂಟರ್ ಗ್ಯಾರೇಜಿತ್ತು, ಹಾಗಾಗಿ ನನಗೆ ಕಾರ್ಬ್ಯುರೇಟರ್ ಹೊಸದಲ್ಲ. ಒಳಗಿನ ಬಟ್ಟಲಲ್ಲಿ ಪೆಟ್ರೋಲ್ ತುಂಬಿದಂತೆ ಫ್ಲೋಟ್ ಮೇಲೇರಿ, ಸೂಜಿಯೊಂದನ್ನು ತೂತಿಗೆ ಒತ್ತಿ ಹರಿವು ನಿಲ್ಲಿಸುತ್ತದೆ. ಆ ಮೊನೆಗೆ ತುಕ್ಕಿನ ಒಂದು ಕಣ ಅಡ್ಡ ಸಿಕ್ಕರೂ ತೂತು ಮುಚ್ಚುವುದಿಲ್ಲ. ಫ್ಲೋಟ್ ಒಡೆದು ಭಾರವಾಗಿದ್ದರೂ ಅಷ್ಟೇ. ಅಪ್ಪ ಮಾಡುತ್ತಿದ್ದಂತೆ ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿಗೆ ಎರಡೇಟು ಕೊಟ್ಟೆ. ನಿಂತಿತು.

"ನಾಳೆ ಮೊಮ್ಮಕ್ಕಳನ್ನು ಕರೆದೊಯ್ಯಬೇಕು. ಸರಿಹೋಯಿತಾ?"

"ಸರಿಹೋಯಿತು."

ಸ್ಕೂಟರಿನಿಂದ ಸೋರಿದ ಪೆಟ್ರೋಲ್ ರಸ್ತೆಗೆ ಬೀಳುತ್ತದೆ, ಆರಿ ಹೋಗುತ್ತದೆ. ದೋಣಿಯಲ್ಲಿ ಹಾಗಲ್ಲ. ಅದರ ಆವಿ ಗಾಳಿಗಿಂತ ಭಾರ. ತಳದಲ್ಲಿ ಕಾಣದ ನೀರಿನಂತೆ ನಿಂತು ಒಂದು ಕಿಡಿಗೆ ಕಾಯುತ್ತದೆ. ಚಾಲೂ ಮಾಡುವ ಮುನ್ನ ನಾಲ್ಕು ನಿಮಿಷ ಬ್ಲೋವರ್ ಓಡಿಸಬೇಕು, ಬಗ್ಗಿ ಮೂಸಿ ನೋಡಬೇಕು ಅನ್ನುವುದು ಅದಕ್ಕೇ. ಇದೆಲ್ಲ ನನಗೆ ಗೊತ್ತಿತ್ತು.

ಇನ್ನೊಂದೂ ಗೊತ್ತಿತ್ತು. ಹಿಂದಿನ ಸೆಮಿಸ್ಟರಿನಲ್ಲಷ್ಟೇ ಕ್ಲಿಫರ್ಡ್ ಪಾಠ ಮಾಡಿದ್ದೆ. ನಂಬಿಕೆಯ ನೀತಿಯ ಬಗ್ಗೆ 1877ರಲ್ಲಿ ಆತ ಬರೆದ ಪ್ರಬಂಧ ಶುರುವಾಗುವುದೇ ಹಳೆಯ ಹಡಗಿನ ಮಾಲೀಕನೊಬ್ಬನಿಂದ. ಅವನಿಗೆ ಅನುಮಾನವಿದೆ. ಇಷ್ಟು ಯಾನ ಮುಗಿಸಿದ ಹಡಗಲ್ಲವೇ ಎಂದು ಅದನ್ನು ಅದುಮಿ, ಮನಸಾರೆ ನಂಬಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ, ಅವನಿಗೆ ವಿಮೆ ಹಣ ಸಿಗುತ್ತದೆ. ಹಡಗು ಕ್ಷೇಮವಾಗಿ ತಲುಪಿದ್ದರೂ ಅವನ ತಪ್ಪು ಅಷ್ಟೇ ಇರುತ್ತಿತ್ತು ಎನ್ನುತ್ತಾನೆ ಕ್ಲಿಫರ್ಡ್. "ಏನೂ ಆಗದಿದ್ದರೆ ಯಾವ ತಪ್ಪು?" ಎಂದು ವಿದ್ಯಾರ್ಥಿಗಳು ಜಗಳಕ್ಕೆ ಬಂದಿದ್ದರು. ನಾನೂ ಒಳಗೊಳಗೇ ಅವರ ಕಡೆಯೇ ಇದ್ದೆ. (1870ರಲ್ಲಿ ಗ್ರಹಣ ನೋಡಲು ಹೊರಟ ಕ್ಲಿಫರ್ಡ್ ಸಿಸಿಲಿಯ ಬಳಿ ಹಡಗು ಒಡೆದು ಬದುಕಿ ಬಂದವನು. ಅದನ್ನು ಹೇಳಿ ತರಗತಿಯಲ್ಲಿ ನಗಿಸಿದ್ದೆ.)

ಆ ರಾತ್ರಿ ನಿದ್ದೆ ಬರಲಿಲ್ಲ. ನನಗೆ ಯಾವ ವಿಮೆ ಹಣವೂ ಬರುವಂತಿರಲಿಲ್ಲ. ಇದ್ದದ್ದು ಕೆಲಸ ಬಲ್ಲವನು ಅನ್ನಿಸಿಕೊಳ್ಳುವ ಆಸೆ, ಮತ್ತೆ ಹಸಿವು. ಇಷ್ಟು ಅಗ್ಗಕ್ಕೆ ನಾನೊಂದು ನಂಬಿಕೆ ಕೊಂಡೆನಲ್ಲ ಎಂದು ನಾಚಿಕೆಯಾಯಿತು. ಪುರಾವೆಗೆ ಸದಾ ಕಾಯುತ್ತ ಕೂರಲಾಗದು ಎಂದು 1896ರಲ್ಲಿ ವಿಲಿಯಂ ಜೇಮ್ಸ್ ಕ್ಲಿಫರ್ಡ್‌ಗೆ ಉತ್ತರ ಕೊಟ್ಟಿದ್ದಾನೆ. ಪ್ರೀತಿಯಲ್ಲಿ, ದೇವರ ವಿಷಯದಲ್ಲಿ ಇರಬಹುದು. ಇಲ್ಲಿ ಸ್ಪ್ಯಾನರ್ ಹಿಡಿದು ಅರ್ಧ ಗಂಟೆ ಕೂತಿದ್ದರೆ ಪುರಾವೆ ಕೈಗೇ ಬರುತ್ತಿತ್ತು.

ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದೆ. ಕಾರ್ಬ್ಯುರೇಟರ್ ಬಿಚ್ಚಿದೆವು. ಬಟ್ಟಲು ಸ್ವಚ್ಛವಾಗಿತ್ತು. ಫ್ಲೋಟನ್ನು ಕಿವಿಯ ಬಳಿ ಅಲುಗಾಡಿಸಿದೆ, ಒಳಗೆ ಸದ್ದಿಲ್ಲ. ಸೂಜಿಯ ಮೊನೆಯಲ್ಲೂ ಏನೂ ಇಲ್ಲ.

"ಏನೂ ಇಲ್ಲವಲ್ಲ," ಅಂದರು, ಸಿಟ್ಟಿನಿಂದಲೇ.

"ಹೊಸ ಸೂಜಿ ಬರಲಿ, ಟ್ಯಾಂಕೂ ನೋಡೋಣ. ಅಲ್ಲಿವರೆಗೆ ಬೇಡ," ಅಂದೆ. ಅವರು ಮಾತಾಡದೆ ಬ್ಯಾಟರಿ ಸ್ವಿಚ್ ಆರಿಸಿದರು. ಮೊಮ್ಮಕ್ಕಳಲ್ಲಿ ಕಿರಿಯವಳು ಲೈಫ್ ಜಾಕೆಟ್ ಹಾಕಿಕೊಂಡೇ ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು.