ಪೀಠವೂ ಕಾಯಕವೂ



ಊರಿನ ಹಿರಿತನವು ಒಬ್ಬನ ಪಾಲಿಗೆ ಬಂದಾಗ ಅದನ್ನು ಕಾಯಕವೆನ್ನಬಹುದೇ, ಇಲ್ಲವೆ ಅದು ಭವಬಂಧನದ ಮತ್ತೊಂದು ಕೊಂಡಿಯೇ? ನಮ್ಮ ದೇವಾಪುರದ ಸುತ್ತಣ ಸುರಪುರ, ಶಹಾಪುರ, ಯಾದಗಿರಿಗಳಲ್ಲಿ ನಗರಸಭೆಗಳಿವೆ. ಅವುಗಳ ಮುಖ್ಯನನ್ನು ಅಧ್ಯಕ್ಷನೆನ್ನುತ್ತೇವೆ. ಕಲಬುರಗಿಯಂಥ ಮಹಾನಗರಪಾಲಿಕೆಯಲ್ಲಿ ಅವನೇ ಮಹಾಪೌರ. ೧೯೭೬ರ ಪಾಲಿಕೆ ಕಾಯಿದೆಯು ಮಹಾಪೌರನಿಗೆ ಗೊತ್ತುಮಾಡಿದ್ದು ಒಂದೇ ವರ್ಷದ ಅವಧಿ. ಹೆಸರು ಬೇರೆಯಾದರೂ ಹೊಣೆ ಒಂದೇ: ಕುಡಿಯುವ ನೀರು, ಬೀದಿಯ ದೀಪ, ಚರಂಡಿ, ಸಂತೆಯ ಕಟ್ಟೆ, ರುದ್ರಭೂಮಿ.

ಈ ಪ್ರಶ್ನೆಗೆ ಉತ್ತರವನ್ನು ಒಂದು ಬಾಳಿನಲ್ಲಿ ಹುಡುಕೋಣ. ೧೮೮೦ರಲ್ಲಿ ಧಾರವಾಡದಲ್ಲಿ ಜನಿಸಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರನ್ನು ನಾವು ವಚನ ಪಿತಾಮಹರೆಂದು ಬಲ್ಲೆವು. ಅವರು ವಿಜಾಪುರದಲ್ಲಿ ವಕೀಲರಾಗಿದ್ದು ಅಲ್ಲಿಯ ನಗರಸಭೆಯ ಹೊಣೆಯನ್ನೂ ಹೊತ್ತಿದ್ದರೆಂಬುದನ್ನು ಬಹುಮಂದಿ ಮರೆತಿದ್ದಾರೆ. ಆದಿಲಶಾಹಿಗಳು ತೊರವಿಯಿಂದಲೂ ಬೇಗಂ ತಲಾಬಿನಿಂದಲೂ ನೆಲದೊಳಗಿನ ಕಾಲುವೆಗಳಲ್ಲಿ ನೀರು ಹರಿಸಿದ ಆ ನಗರವು ಬರಗಾಲದ ಸೀಮೆಯಲ್ಲಿದೆ. ಅಲ್ಲಿ ಪೌರಸೇವೆಯೆಂದರೆ ಮೊದಲು ನೀರಿನ ಸೇವೆ. ಭೂತನಾಳ ಕೆರೆಯ ಮಾತು ಬಂದಾಗ ವಿಜಾಪುರದ ಹಿರಿಯರು ಹಳಕಟ್ಟಿಯವರನ್ನು ನೆನೆಯುತ್ತ ಬಂದಿದ್ದಾರೆ. ೧೯೧೦ರಲ್ಲಿ ವಿದ್ಯಾಸಂಸ್ಥೆಗೆ, ೧೯೧೨ರಲ್ಲಿ ಸಿದ್ಧೇಶ್ವರ ಬ್ಯಾಂಕಿಗೆ ತಳಹದಿ ಹಾಕಿದ ಅವರು ೧೯೨೦ರಲ್ಲಿ ಮುಂಬಯಿ ವಿಧಾನ ಪರಿಷತ್ತಿಗೂ ಹೋದರು.

ಇಷ್ಟೆಲ್ಲ ಪದವಿಗಳು ಕೈಗೆ ಬಂದ ಮನುಷ್ಯನ ಮನೆ ಏನಾಯಿತು? ಇದ್ದ ಮನೆಯನ್ನೂ ಮಾರಿ, ವಚನಗಳ ಮುದ್ರಣಕ್ಕಾಗಿ ಹಿತಚಿಂತಕ ಮುದ್ರಣಾಲಯವನ್ನು ಕಟ್ಟಿದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರತಂದರು. ಪೀಠ ಏರಿದವನು ಇಳಿಯುವಾಗ ಮನೆಗೆ ಏನನ್ನು ಒಯ್ದನೆಂಬುದೇ ಅವನ ಲೆಕ್ಕಪತ್ರವಾದರೆ, ಇದಕ್ಕಿಂತ ಶುಭ್ರವಾದ ಲೆಕ್ಕ ಯಾವುದಿದ್ದೀತು?

ಆದರೆ ಇಲ್ಲಿ ಮನಸ್ಸನ್ನು ಚುಚ್ಚುವ ಮಾತೊಂದುಂಟು. ತಾನು ತ್ಯಾಗಿಯಾಗುವವನು ಮಡದಿ ಮಕ್ಕಳನ್ನೂ ತ್ಯಾಗಕ್ಕೆ ಒಡ್ಡುವುದು ನ್ಯಾಯವೇ? ನಮ್ಮ ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದ ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಹೆಚ್ಚಿನದನ್ನು ಹಿಂದಿರುಗಿಸಿ ಬಾ ಎಂದವಳು ಪತ್ನಿ ಲಕ್ಕಮ್ಮ. ಅಲ್ಲಿ ತ್ಯಾಗವು ಗಂಡನ ಅಪ್ಪಣೆಯಲ್ಲ, ಹೆಂಡತಿಯ ಅರಿವು. ಮನೆಯವರ ಆಸೆ ಮಿತಿಯಲ್ಲಿರದಿದ್ದರೆ ಅಧ್ಯಕ್ಷನ ಕೈ ಶುದ್ಧವಾಗಿ ಉಳಿಯುವುದು ಬಲು ಕಷ್ಟ.

ಹಾಗಾದರೆ ಸಜ್ಜನರು ಪೀಠದ ಗೊಡವೆಯೇ ಬೇಡವೆಂದು ದೂರವಿರಲೇ? ಅದು ಧರ್ಮವಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡರು. ಅಧಿಕಾರವನ್ನು ಮೈಲಿಗೆಯೆಂದು ಬಗೆಯಲಿಲ್ಲ. ಪೀಠವನ್ನು ಅನ್ಯರು ಕೊಡುತ್ತಾರೆ, ಅನ್ಯರೇ ಕಸಿಯುತ್ತಾರೆ. ಆದುದರಿಂದ ಪೀಠವು ಕಾಯಕವಲ್ಲ. ಅದರ ಮೇಲೆ ಕುಳಿತು ಮಾಡಿದ ದುಡಿಮೆ ಮಾತ್ರ ಕಾಯಕ. ಅದರ ಫಲವು ಕೇರಿಯ ಕೊನೆಯ ಮನೆಯ ಕೊಡಕ್ಕೆ ಮುಟ್ಟಿದರೆ ಅದು ದಾಸೋಹ.

ಕೊನೆಯದಾಗಿ ನಿಮಗೂ ನನಗೂ ಸಲ್ಲುವ ಮಾತು. ನಮ್ಮ ಪೈಕಿಯವನೊಬ್ಬ ಗೆದ್ದು ಬಂದಾಗ ಹಾರ ಹಾಕುವವರು ನಾವೇ. ಮರುದಿನವೇ ‘ನೀ ನಮ್ಮವನಲ್ಲೇನು?’ ಎಂದು ನಿವೇಶನಕ್ಕೋ ಗುತ್ತಿಗೆಗೋ ಅವನ ಬಾಗಿಲು ತಟ್ಟುವವರೂ ನಾವೇ. ಇವನಾರವನೆಂದು ಕೇಳದಿರಲು ಕಲಿಸಿದ ಪರಂಪರೆಯ ಮಕ್ಕಳು ನಾವು. ಆ ಒಂದು ಪ್ರಶ್ನೆಯಿಂದಲೇ ಅವನ ಕಾಯಕವನ್ನು ಕೆಡಿಸುತ್ತೇವೆ; ಅವನು ಕೆಟ್ಟ ಮೇಲೆ ಕಟ್ಟೆಯ ಮೇಲೆ ಕುಳಿತು ನಿಂದಿಸುತ್ತೇವೆ. ಶುದ್ಧ ಹಸ್ತದ ಅಧ್ಯಕ್ಷನನ್ನು ಬಯಸುವ ಊರು ಮೊದಲು ತನ್ನ ಚಾಚಿದ ಕೈಯನ್ನು ಹಿಂದೆಗೆಯಬೇಕು. ಲಕ್ಕಮ್ಮನಂತೆ ‘ಇಷ್ಟು ಸಾಕು’ ಎನ್ನುವ ಧೈರ್ಯವು ಮನೆಗೆ ಬೇಕಾದಷ್ಟೇ ಊರಿಗೂ ಬೇಕು.