ಶೌಚಗೃಹವೂ ಪರಿಮಾಣ ವ್ರತವೂ

ಭೋಗೋಪಭೋಗ ಪರಿಮಾಣ ವ್ರತವನ್ನು ಸ್ವೀಕರಿಸಿದ ಶ್ರಾವಕ ಶ್ರಾವಿಕೆಯರು ಧಾನ್ಯ, ರಸ, ವಸ್ತ್ರ, ಆಭರಣ, ಶಯನ, ವಾಹನ ಇವುಗಳಿಗೆ ಮಿತಿಯನ್ನು ಹಾಕಿಕೊಳ್ಳುವುದುಂಟು. ಪಾಯಿಖಾನೆಗೆ ಮಿತಿ ಹಾಕಿಕೊಂಡವರನ್ನು ಕಂಡವರು ವಿರಳ. ಅದು ಮಿತಿಗೆ ಒಳಪಡಬೇಕಾದಂಥ ಸುಖವಸ್ತುವಾಗಿ ಎಂದೂ ಇರಲಿಲ್ಲ. ಹಿತ್ತಲಿನ ಮೂಲೆಯಲ್ಲೊಂದು ಕತ್ತಲೆಯ ಕೋಣೆ, ಒಂದು ತಂಬಿಗೆ, ಒಂದು ಬಕೆಟ್ಟು ನೀರು, ಅಷ್ಟೇ. ಈಗಲಾದರೋ ಅದೇ ಕೋಣೆಯೊಳಕ್ಕೆ ತಾನಾಗಿ ಮುಚ್ಚಳ ತೆರೆಯುವ, ಆಸನವನ್ನು ಬೆಚ್ಚಗಿಡುವ, ಗುಂಡಿಯೊತ್ತಿದರೆ ಸಣ್ಣ ನಳಿಕೆಯಿಂದ ನೀರು ಚಿಮ್ಮಿಸಿ ತೊಳೆದು ಬಿಸಿಗಾಳಿಯಿಂದ ಒಣಗಿಸುವ ‘ಸ್ಮಾರ್ಟ್’ ಕಮೋಡು ಪ್ರವೇಶಿಸುತ್ತಿದೆ. ವ್ರತಿಕರ ಮನೆಯಲ್ಲಿ ಇದಕ್ಕೆ ಎಡೆಯುಂಟೇ?

ಒಂದು ಮನೆಯ ಸಂಗತಿಯನ್ನು ಎದುರಿಗಿಟ್ಟುಕೊಂಡರೆ ವಿಚಾರವು ಸ್ಪಷ್ಟವಾದೀತು. ಬೆಳಗಾವಿ ಜಿಲ್ಲೆಯ ಆ ಮನೆಯ ಹಿರಿಯ ಶ್ರಾವಿಕೆಗೆ 78 ವರ್ಷ. ಬಹುಕಾಲದಿಂದ ಏಕಾಶನ, ಅಷ್ಟಮಿ ಚತುರ್ದಶಿಗಳಂದು ಉಪವಾಸ. ಮೊಣಕಾಲುಗಳು ಸೋತು ಕುಕ್ಕರಗಾಲಿನಲ್ಲಿ ಕೂರುವುದೂ ಏಳುವುದೂ ಅಸಾಧ್ಯವಾಗುತ್ತ ಬಂದಿತ್ತು. ಉಪವಾಸದ ಮರುದಿನವಂತೂ ತಲೆ ಸುತ್ತುತ್ತಿತ್ತು. ಸೊಸೆಯು ತೋಳು ಹಿಡಿದು ಕೂರಿಸಿ ಎಬ್ಬಿಸಬೇಕು. ಕೆಲವೊಮ್ಮೆ ತೊಳೆಯಲೂ ಬೇಕು. ನೆಲವನ್ನು ಒಡೆಸಿ ಹೊಸ ಕಮೋಡನ್ನು ಕೂರಿಸುವ ಮಾತನ್ನು ಮಗನು ಎತ್ತಿದಾಗ ತಾಯಿಯು, “ಇದ್ದದ್ದು ಸಾಕಪಾ, ನನ್ನ ಪರಿಮಾಣದೊಳಗ ಅದು ಬ್ಯಾಡ” ಎಂದುಬಿಟ್ಟರು. ಬಂಧುಗಳು ಈ ನಿಷ್ಠೆಯನ್ನು ಕೊಂಡಾಡಿದರು. ಕೆಲವು ತಿಂಗಳುಗಳಲ್ಲಿ ಆಕೆ ಏಕಾಶನದ ಹೊತ್ತಿನಲ್ಲಿ ನೀರನ್ನೂ ಕಡಮೆ ಮಾಡಿ ಅರ್ಧ ಲೋಟಕ್ಕೆ ಇಳಿಸಿದರು. ತಪಸ್ಸು ಏರುತ್ತಿದೆಯೆಂದು ಎಲ್ಲರೂ ತಿಳಿದರು. ಹತ್ತಿರದಲ್ಲಿದ್ದು ಬಲ್ಲವಳು ಸೊಸೆಯೊಬ್ಬಳೇ. “ಅತ್ತಿಯವರು ನೀರು ಬಿಟ್ಟದ್ದು ವ್ರತಕ್ಕಲ್ರೀ, ಅಲ್ಲಿಗೆ ಹೋಗೂದು ತಪ್ಪಲಿ ಅಂತ” ಎಂದು ಆಕೆ ಗಂಡನಿಗೆ ಹೇಳಿದಳು.

ವಿಚಾರದ ತಿರುಳು ಇಲ್ಲಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರತರಾಗುವುದನ್ನು ವ್ರತವೆಂದು ಕರೆದಿದ್ದಾರೆ. ಸಂಕಲ್ಪವಿಲ್ಲದ ಬಿಡುವಿಕೆಯು ವ್ರತವಾಗದು. ಬಿದ್ದೇನೆಂಬ ಭಯದಿಂದ, ಸೊಸೆಯ ಮುಂದೆ ಮೈಬಿಚ್ಚಬೇಕಲ್ಲಾ ಎಂಬ ಲಜ್ಜೆಯಿಂದ ನೀರನ್ನು ಬಿಟ್ಟರೆ ನೀರಿನ ಅಳತೆ ಕುಗ್ಗಿತೇ ಹೊರತು ಕಷಾಯವು ಕುಗ್ಗಿದಂತಾಗಲಿಲ್ಲ. ಬರಲಿರುವ ನೋವನ್ನೇ ನೆನೆನೆನೆದು ಕೊರಗುವುದು ಆರ್ತಧ್ಯಾನದ ಭೇದಗಳಲ್ಲಿ ಒಂದು. ಹೊರನೋಟಕ್ಕೆ ಅನಶನ, ಒಳಗೆ ಆರ್ತಧ್ಯಾನ! ಮುಪ್ಪಿನಲ್ಲಿ ನೀರು ಕಡಮೆಯಾದರೆ ಮಲಬದ್ಧತೆಯೂ ಮೂತ್ರದ ಸೋಂಕೂ ತಲೆದೋರುವುದನ್ನು ವೈದ್ಯರೆಲ್ಲರೂ ಬಲ್ಲರು. ಆಗ ಆ ಕೋಣೆಯ ಭಯವು ಮತ್ತಷ್ಟು ಬೆಳೆಯುತ್ತದೆ.

ಹಾಗಾದರೆ ಹಳೆಯದನ್ನು ಒಡೆಯುವುದು ವ್ರತಭಂಗವೇ? ಪರಿಮಾಣವನ್ನು ಕಾಲಮಿತಿಯಿಂದ ಸ್ವೀಕರಿಸಿದರೆ ನಿಯಮ, ಯಾವಜ್ಜೀವ ಸ್ವೀಕರಿಸಿದರೆ ಯಮ. ಎರಡರಲ್ಲಿಯೂ ಸ್ವೀಕಾರದ ಸಮಯದಲ್ಲಿ ಎಣಿಸಿದ ವಸ್ತುಗಳಾವುವು ಎಂಬುದೇ ಮುಖ್ಯ. ಈ ತಾಯಿಯ ಎಣಿಕೆಯಲ್ಲಿ ಸೀರೆಗಳಿದ್ದವು, ಪಾತ್ರೆಗಳಿದ್ದವು, ಹಸಿರು ತರಕಾರಿಗಳಿದ್ದವು. ಶೌಚಗೃಹವನ್ನು ಆಕೆ ಸೇರಿಸಿಯೂ ಇರಲಿಲ್ಲ, ನಿಷೇಧಿಸಿಯೂ ಇರಲಿಲ್ಲ. ‘ಯಂತ್ರವು ಮನೆಯದು, ತಾಯಿಯದಲ್ಲ’ ಎಂದು ಹೇಳಿ ಜಾರಿಕೊಳ್ಳುವ ಉಪಾಯವೊಂದುಂಟು. ಅದು ಸಲ್ಲದು. ಉಪಯೋಗಿಸುವವರಿಗೆ ಅದು ಉಪಭೋಗವೇ. ಸರ್ವವನ್ನೂ ತ್ಯಜಿಸಿದ ದಿಗಂಬರ ಮುನಿಗಳಿಗೂ ಪಿಂಛಿ ಮತ್ತು ಶಾಸ್ತ್ರಗಳ ಜೊತೆಗೆ ಶೌಚೋಪಕರಣವಾಗಿ ಕಮಂಡಲುವು ವಿಹಿತವಾಗಿದೆಯೆಂಬುದನ್ನು ನೆನೆಯುವುದು ಇದಕ್ಕಿಂತ ಲೇಸು. ದೇಹಶುದ್ಧಿಯ ಸಾಧನವನ್ನು ಆಗಮವು ಹೀನವೆಂದು ನೋಡಿಲ್ಲ. ಅದರ ಮೇಲಿನ ಮೋಹವನ್ನು ಮಾತ್ರ ಒಪ್ಪಿಲ್ಲ.

ಹಳೆಯದೆಲ್ಲ ಶುದ್ಧವೆಂಬ ಭಾವನೆಯನ್ನೂ ಒಮ್ಮೆ ಒರೆಗೆ ಹಚ್ಚಬೇಕು. ಹಿಂದಿನ ಪಾಯಿಖಾನೆಗಳ ಸರಳತೆಯನ್ನು ಯಾರೋ ತಲೆಯ ಮೇಲೆ ಹೊತ್ತಿದ್ದರು. ಆ ಪದ್ಧತಿಯನ್ನು ನಿಲ್ಲಿಸಲು 1993ರಲ್ಲಿಯೂ 2013ರಲ್ಲಿಯೂ ಶಾಸನಗಳೇ ಬೇಕಾದವು. ಅಹಿಂಸಾಣುವ್ರತಿಗಳ ಬೀದಿಗಳೂ ಇದಕ್ಕೆ ಹೊರತಾಗಿರಲಿಲ್ಲ. ಇನ್ನು ನೀರಿನಿಂದ ತೊಳೆಯುವ ಈ ಯಂತ್ರವನ್ನು ಪರದೇಶದ ವಿಲಾಸವೆಂದು ಹಳಿಯುವವರು ಒಂದನ್ನು ಮರೆಯುತ್ತಾರೆ. 1980ರಲ್ಲಿ ಜಪಾನಿನ ಟೋಟೋ ಸಂಸ್ಥೆಯು ‘ವಾಷ್‌ಲೆಟ್’ ಎಂಬ ಹೆಸರಿನಲ್ಲಿ ಇಂಥ ಆಸನವನ್ನು ಮಾರಾಟಕ್ಕೆ ತಂದಾಗ, ಕಾಗದದಿಂದ ಒರೆಸಿಕೊಳ್ಳುವ ರೂಢಿಯಿದ್ದವರಿಗೆ ನೀರಿನ ಗುಣವನ್ನು ತಿಳಿಸಬೇಕಾಗಿತ್ತು. ತಂಬಿಗೆಯ ಮನೆಗಳಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಇಲ್ಲಿ ಹೊಸದೆಂದರೆ, ಬಾಗಲಾರದ ಬೆನ್ನಿಗೂ ಎಟುಕದ ಕೈಗೂ ದೊರೆಯುವ ಬಿಡುವು ಮಾತ್ರ.

ಅಪ್ಕಾಯಿಕ ಜೀವಗಳ ಲೆಕ್ಕವೂ ಅಗತ್ಯ. ಹಳೆಯ ತೊಟ್ಟಿಗಳು ಒಮ್ಮೆಗೆ 10ರಿಂದ 13 ಲೀಟರ್ ನೀರನ್ನು ಸುರಿಯುತ್ತಿದ್ದವು. ಈಗಿನ ಎರಡು ಗುಂಡಿಯ ತೊಟ್ಟಿಗಳಲ್ಲಿ ಅದು ಸುಮಾರು 6 ಅಥವಾ 3 ಲೀಟರ್. ನಳಿಕೆಗೆ ಬೇಕಾಗುವುದು ಇನ್ನೂ ಅಲ್ಪ. ಆದರೆ ಗಾಲಿತ ಜಲದ ನಿಯಮಕ್ಕೆ ಇದರಲ್ಲಿ ಸಮಾಧಾನವಿಲ್ಲ. ಬಟ್ಟೆಯಲ್ಲಿ ಸೋಸಿ ಎರಡು ಘಳಿಗೆಯೊಳಗೆ ಉಪಯೋಗಿಸುವ ನೀರನ್ನು ಈ ಯಂತ್ರದೊಳಗೆ ತುಂಬಲು ಬಾರದು. ಅದು ಮಾಳಿಗೆಯ ಟಾಕಿಯಿಂದ ನೇರವಾಗಿ ಎಳೆಯುತ್ತದೆ. ಈ ದೋಷವನ್ನು ಮುಚ್ಚಿಡಲಾಗದು.

ಇನ್ನೊಂದು ಆಕ್ಷೇಪವು ಇದಕ್ಕಿಂತ ತೂಕದ್ದು. ಯಂತ್ರವೇ ತೊಳೆದರೆ ವೈಯಾವೃತ್ಯಕ್ಕೆ ಅವಕಾಶವೆಲ್ಲಿ? ನಿರ್ವಿಚಿಕಿತ್ಸಾ ಅಂಗಕ್ಕೆ ದೃಷ್ಟಾಂತನಾದ ಉದ್ದಾಯನ ರಾಜನು, ಮುನಿವೇಷದಿಂದ ಬಂದ ದೇವನು ತನ್ನ ಮೇಲೆಯೇ ವಾಂತಿ ಮಾಡಿಕೊಂಡರೂ ಹೇಸದೆ ಕೈಯಾರೆ ತೊಳೆದನು. ಆ ಸೊಸೆಯೂ ಎರಡು ವರ್ಷ ಹೇಸದೆಯೇ ತೊಳೆದಿದ್ದಳು. ಆಕೆಯ ಸೇವೆಯಲ್ಲಿ ಕೊರತೆಯಿರಲಿಲ್ಲ. ಆದರೆ ಉದ್ದಾಯನನು ಹುಡುಕಿದ್ದು ಮುನಿಯ ಪೀಡೆಗೆ ಪರಿಹಾರವನ್ನು, ತನ್ನ ಪುಣ್ಯಕ್ಕೆ ಒಂದು ಸಂದರ್ಭವನ್ನಲ್ಲ. ಸೇವೆ ಪಡೆಯುವವರು ಪ್ರತಿದಿನವೂ ಲಜ್ಜೆಯಿಂದ ಬೇಯುತ್ತಿರುವಾಗ, ಸೇವೆ ಮಾಡುವವರ ಪುಣ್ಯಕ್ಕಾಗಿ ಅವರನ್ನು ಹಾಗೆಯೇ ಬೇಯಿಸುವುದು ಎಂಥ ವೈಯಾವೃತ್ಯ?

ಇಷ್ಟಾದರೂ ಯಂತ್ರದ ಎಲ್ಲ ಗುಣಗಳೂ ಗ್ರಾಹ್ಯವೆಂದು ಅರ್ಥವಲ್ಲ. ಅಗತ್ಯಕ್ಕೆ ಮೀರಿ ಉಪಭೋಗ ವಸ್ತುಗಳನ್ನು ಕೂಡಿಹಾಕುವುದನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅನರ್ಥದಂಡವಿರತಿಯ ಅತಿಚಾರಗಳಲ್ಲಿ ಎಣಿಸಿದೆ. ಎತ್ತರದ ಆಸನವೂ ನಳಿಕೆಯೂ ಆ ತಾಯಿಗೆ ಅಗತ್ಯ. ತಾನಾಗಿ ತೆರೆಯುವ ಮುಚ್ಚಳ, ಬಣ್ಣದ ದೀಪ, ಹಗಲಿರುಳೂ ವಿದ್ಯುತ್ತನ್ನು ನುಂಗುತ್ತ ಬೆಚ್ಚಗಿರುವ ಆಸನ ಇವು ಯಾರಿಗೆ ಅಗತ್ಯ? ಪುಷ್ಯಮಾಸದ ಬೆಳಗಿನಲ್ಲಿ ಬೆಚ್ಚಗಿನ ನೀರು ಮುಪ್ಪಿನವರಿಗೆ ಔಷಧವೋ ಸುಖವೋ ಎಂಬ ಗೆರೆಯನ್ನು ಅಂಗಡಿಯವನು ಎಳೆಯಲಾರನು. ದಶಲಕ್ಷಣ ಧರ್ಮದಲ್ಲಿ ಶೌಚವೆಂದರೆ ಲೋಭದ ನಿವೃತ್ತಿ. ಶೌಚಗೃಹದ ಹೆಸರಿನಲ್ಲಿಯೇ ಲೋಭವು ಒಳನುಗ್ಗಿದರೆ ಅದಕ್ಕಿಂತ ವಿಪರೀತವಿಲ್ಲ.

ಆ ಮನೆಯಲ್ಲಿ ಮಾತು ಮುಗಿದದ್ದು ಸೊಸೆಯಿಂದ. ಆಕೆ ಅತ್ತೆಯ ಮುಂದೆ ಕುಳಿತು, ನೀರು ಬಿಟ್ಟ ಕಾರಣವನ್ನು ನೇರವಾಗಿ ಕೇಳಿದಳು. ತಾಯಿಯು ಬಹಳ ಹೊತ್ತು ಉತ್ತರ ಕೊಡಲಿಲ್ಲ; ಕೊನೆಗೆ ಕಣ್ಣೊರೆಸಿಕೊಂಡು, “ಖರೇ ಅದ” ಎಂದರು. ಮರುತಿಂಗಳು ನೆಲವನ್ನು ಒಡೆಸಲಾಯಿತು. ಮುಚ್ಚಳವನ್ನು ಕೈಯಿಂದಲೇ ತೆಗೆಯುವ, ನಳಿಕೆಯುಳ್ಳ ಸಾದಾ ಆಸನವೊಂದನ್ನು ಆರಿಸಿದರು. ಆಸನದ ಬಿಸಿಯನ್ನು ತಾಯಿಯು ನಿಯಮಪೂರ್ವಕ ತ್ಯಜಿಸಿದರು. ಸೋಸಿದ ನೀರಿನ ತಂಬಿಗೆಯು ಕೈತೊಳೆಯಲು ಪಕ್ಕದಲ್ಲಿ ಉಳಿಯಿತು. ಸೋಸದ ನೀರಿನ ದೋಷಕ್ಕಾಗಿ ಸಂಜೆಯ ಪ್ರತಿಕ್ರಮಣದಲ್ಲಿ ಆಲೋಚನೆಯನ್ನು ಸೇರಿಸಿಕೊಂಡರು; ಆ ಅಳುಕು ಅವರಿಗೆ ಇನ್ನೂ ಹೋಗಿಲ್ಲ. ಚತುರ್ದಶಿಯ ಉಪವಾಸವು ಎಂದಿನಂತೆ ನಡೆಯಿತು. ಮರುದಿನದ ಪಾರಣೆಯಲ್ಲಿ ಸೊಸೆಯು ಒಂದು ಲೋಟ ನೀರನ್ನು ಕೊಟ್ಟಳು. ತಾಯಿಯು ಅದನ್ನು ಕುಡಿದು, ಇನ್ನೊಂದು ಲೋಟವನ್ನು ಕೇಳಿ ಪಡೆದರು.